ನಲಿ-ಕಲಿ ತರಗತಿಯ ಒಂದು ವಾರ



ಶಿಕಾರಿಪುರ, ಸೊರಬ ಎಂಬ ಹೆಸರುಗಳನ್ನು ಕೇಳಿದೊಡನೆ ವಿದ್ಯಾವಂತರಿಗೆ ಬಳ್ಳಿಗಾವೆಯೂ ತಾಳಗುಂದವೂ ಸ್ಮರಣೆಗೆ ಬರುವುದು ಸಹಜ. ಬಳ್ಳಿಗಾವೆಯ ಕೋಡಿಯ ಮಠದಲ್ಲಿ ವೇದ ವೇದಾಂಗಗಳ ಮತ್ತು ಪಾಣಿನೀಯವೇ ಮೊದಲಾದ ವ್ಯಾಕರಣಗಳ ವ್ಯಾಸಂಗವು ನಡೆಯುತ್ತಿದ್ದಿತೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿ ದೊರೆಯುತ್ತಿದ್ದುವೆಂದೂ 1162ರ ಶಾಸನವು ವರ್ಣಿಸುತ್ತದೆ. ತಾಳಗುಂದದ ಕಂಬವು, ಮಯೂರಶರ್ಮನು ವ್ಯಾಸಂಗಾರ್ಥವಾಗಿ ಕಂಚಿಯ ಘಟಿಕೆಗೆ ಹೋದ ಸಂಗತಿಯನ್ನು ತಿಳಿಸುತ್ತದೆ. ಆದರೆ ನಾನು ಈ ಹೊತ್ತು ಹೇಳಹೊರಟಿರುವುದು ಪಂಡಿತರ ವಿಷಯವನ್ನಲ್ಲ. ಅದೇ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳು ಕಳೆಯುವ ಒಂದು ವಾರದ ವಿಷಯವನ್ನು. ಪಾಣಿನಿಯನ್ನು ಓದಿದವನೂ ಒಮ್ಮೆ ಅಕ್ಷರಾಭ್ಯಾಸ ಮಾಡಿದವನೇ ಅಲ್ಲವೆ?

ಈ ತರಗತಿಗಳಿಗೆ ‘ನಲಿ-ಕಲಿ’ ಎಂದು ಹೆಸರು. ಮದನಪಲ್ಲಿಯ ಸಮೀಪದ ಋಷಿ ಕಣಿವೆಯ ಗ್ರಾಮಶಾಲೆಗಳ ಕ್ರಮವನ್ನು ನೋಡಿಬಂದ ಉಪಾಧ್ಯಾಯರು 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯೂನಿಸೆಫ್ ಸಂಸ್ಥೆಯ ನೆರವಿನಿಂದ ಇದನ್ನು ಆರಂಭಿಸಿದರು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಮೊದಲ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂಡಿ ಕುಳಿತು ಕಲಿಯುವರು.

ಜುಲೈ ತಿಂಗಳಿನ ಒಂದು ಸೋಮವಾರವನ್ನು ಭಾವಿಸಿಕೊಳ್ಳೋಣ. ಹೊರಗೆ ಬಿಡದ ಮಳೆ. ಗದ್ದೆಗಳಲ್ಲಿ ನಾಟಿಯ ಸಂಭ್ರಮ. ಒಳಗೆ ಬಂದ ಮಗು ಮೊದಲು ತನ್ನ ಹಾಜರಿಯನ್ನು ತಾನೇ ಗುರುತಿಸುತ್ತದೆ. ಬಳಿಕ ಹವಾಮಾನ ನಕ್ಷೆಯಲ್ಲಿ ಆ ದಿನದ ಮನೆಗೆ ಮೋಡವನ್ನೋ ಮಳೆಯನ್ನೋ ಬರೆಯಲಾಗುತ್ತದೆ. ಗೋಡೆಯ ಮೇಲೆ ಕಲಿಕೆಯ ಏಣಿಯೊಂದಿದೆ. ಅದರ ಮೆಟ್ಟಿಲು ಮೆಟ್ಟಿಲಿಗೂ ಒಂದೊಂದು ಚಿತ್ರಸಂಕೇತ. ಅದೇ ಸಂಕೇತವುಳ್ಳ ಕಾರ್ಡನ್ನು ಮಗುವೇ ಹುಡುಕಿ ತೆಗೆದುಕೊಂಡು, ತನಗೆ ಸಲ್ಲುವ ತಟ್ಟೆಯ ಗುಂಪಿಗೆ ಹೋಗಿ ಕೂರುತ್ತದೆ. ಗುಂಪುಗಳು ಐದು. ಒಂದಕ್ಕೆ ಉಪಾಧ್ಯಾಯರ ಸಂಪೂರ್ಣ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ. ಎರಡು ಗುಂಪುಗಳು ಜೊತೆಯ ಮಕ್ಕಳ ನೆರವಿನಿಂದ ಸಾಗುವುವು. ಕೊನೆಯದು ತಾನೇ ಕಲಿಯತಕ್ಕದ್ದು.

ಅಕ್ಷರಗಳ ಕ್ರಮವನ್ನು ಕೇಳಿದರೆ ನಮ್ಮ ಹಿರಿಯರು ಹುಬ್ಬೇರಿಸಿಯಾರು. ಕೂಲಿಮಠದ ಮರಳಿನ ಮೇಲೆ ಬೆರಳು ತಿದ್ದಿದವರಿಗೆ ‘ಅ’ಕಾರದಿಂದ ಹೊರಟು ‘ಳ’ಕಾರವನ್ನು ಮುಟ್ಟುವುದೇ ರಾಜಮಾರ್ಗ. ಇಲ್ಲಿಯಾದರೋ ಮೊದಲು ಬರುವುವು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳು. ಏಕೆಂದು ವಿಚಾರಿಸಿದರೆ ಕಾರಣವುಂಟು. ಇವುಗಳ ಗೆರೆಗಳು ಸುಲಭ. ಅದಕ್ಕಿಂತ ಹೆಚ್ಚಾಗಿ, ಈ ಐದರಿಂದಲೇ ಮಾತುಗಳು ಹುಟ್ಟುತ್ತವೆ. ಸರ, ದರ, ಅರಸ, ಅಗಸ, ಗರಗಸ! ಸೊರಬವು ಗುಡಿಗಾರರ ಮರಗೆತ್ತನೆಗೆ ಹೆಸರಾದ ಊರು; ಗರಗಸವೆಂದರೇನೆಂದು ಅಲ್ಲಿಯ ಕೂಸಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ವರ್ಣಮಾಲೆಯನ್ನು ಪೂರ್ತಿ ಉರುಹೊಡೆದ ಮೇಲೆ ಓದಲು ತೊಡಗುವುದಕ್ಕೆ ಬದಲಾಗಿ, ಐದನ್ನು ಕಲಿತೊಡನೆಯೇ ಮಗು ಓದುಗನಾಗುತ್ತದೆ. ಅರಸನಿಗೂ ಅಗಸನಿಗೂ ಒಂದಕ್ಷರದ ಅಂತರವೆಂಬುದನ್ನು ಅದು ಕಂಡುಕೊಂಡು ನಕ್ಕರೆ, ಆ ನಗೆಯನ್ನು ನಾನು ಪಾಠದ ಭಾಗವೆಂದೇ ಎಣಿಸುವೆನು.

ಮಂಗಳವಾರ, ಬುಧವಾರಗಳಲ್ಲಿ ಹಾಡು, ಕಥೆ, ಬೀಜ ಕಲ್ಲುಗಳ ಎಣಿಕೆ. ಮಧ್ಯಾಹ್ನ ಅಕ್ಷರ ದಾಸೋಹದ ಊಟ. ಇವುಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಗುರುವಾರದ ಒಂದು ಸಂಗತಿಯನ್ನು ಮಾತ್ರ ಹೇಳಲೇಬೇಕು.

ನಾಟಿಯ ದಿನಗಳಲ್ಲಿ ತಾಯಿತಂದೆಗಳು ಗದ್ದೆಗೆ ಹೋದರೆ, ತಮ್ಮನನ್ನು ನೋಡಿಕೊಳ್ಳಲು ಹುಡುಗಿಯೊಬ್ಬಳು ಮನೆಯಲ್ಲಿಯೇ ಉಳಿದಳೆನ್ನಿ. ಹತ್ತು ದಿನಗಳಾದ ಮೇಲೆ ಆಕೆ ಶಾಲೆಗೆ ಬರುತ್ತಾಳೆ. ಹಳೆಯ ಕ್ರಮದಲ್ಲಿ ಪಾಠವು ಅಷ್ಟು ಹೊತ್ತಿಗೆ ಹತ್ತು ಪುಟ ಮುಂದೆ ಸಾಗಿರುತ್ತಿದ್ದಿತು. ಹುಡುಗಿ ಹಿಂದಿನ ಸಾಲಿಗೆ ಸರಿಯುತ್ತಿದ್ದಳು, ಕೊಂಚ ಕಾಲಾನಂತರ ಶಾಲೆಯನ್ನೇ ಬಿಡುತ್ತಿದ್ದಳು. ಯಾರೂ ಆಕೆಯನ್ನು ಓಡಿಸಿದವರಲ್ಲ. ಪುಟಗಳು ಓಡಿದುವು, ಅಷ್ಟೆ. ಈಗ ಆಕೆ ಏಣಿಯ ಮುಂದೆ ನಿಂತು, ತಾನು ಬಿಟ್ಟುಹೋದ ಮೆಟ್ಟಿಲನ್ನು ಬೆರಳಿಟ್ಟು ಹುಡುಕಿ, ಅದೇ ಕಾರ್ಡನ್ನು ತೆಗೆಯುತ್ತಾಳೆ. ಮೆಟ್ಟಿಲು ಆಕೆಗಾಗಿ ಕಾದಿರುತ್ತದೆ. ಈ ಪದ್ಧತಿಯ ಬಗ್ಗೆ ನನಗಿರುವ ಗೌರವಕ್ಕೆಲ್ಲ ಮೂಲವು ಇದೊಂದೇ.

ಆಕ್ಷೇಪಣೆಗಳಿಲ್ಲವೆಂದಲ್ಲ. ‘ಮಕ್ಕಳು ಬರಿಯ ಆಟವಾಡುತ್ತಾರೆ, ಪುಸ್ತಕದ ಹೊರೆಯೇ ಕಾಣದು’ ಎಂದು ಪೋಷಕರು ಗೊಣಗುವುದುಂಟು. ಬೆಳಗಾದರೆ ಆಂಗ್ಲ ಮಾಧ್ಯಮದ ಶಾಲೆಗಳ ವಾಹನಗಳು ಹಳ್ಳಿಯ ದಾರಿಗಳಲ್ಲಿಯೇ ಬಂದು ನಿಲ್ಲುತ್ತವೆ. ಪೋಷಕರನ್ನು ನಾನು ನಿಂದಿಸಲಾರೆ. ಆದರೆ ಮೂರು ತರಗತಿಗಳ ಮಕ್ಕಳಲ್ಲಿ ಯಾರು ಯಾವ ಮೆಟ್ಟಿಲಿನಲ್ಲಿರುವರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ನಡೆಯುವುದು ಪುಟ ತಿರುವುವ ಕೆಲಸಕ್ಕಿಂತ ಎಷ್ಟೋ ಕಠಿನ. ಆ ಉಪಾಧ್ಯಾಯಿನಿಯನ್ನು ಮಾಹಿತಿ ಪಟ್ಟಿಗಳನ್ನು ತುಂಬಲೆಂದು ಮೇಜಿಗೆ ಕಟ್ಟಿಹಾಕಿದರೆ, ಮೊದಲನೆಯ ತಟ್ಟೆಯ ಮಕ್ಕಳು ಬರಿದೆ ಕಾಯುತ್ತ ಕೂರುವರು. ಆಗ ಏಣಿಯು ಗೋಡೆಯ ಅಲಂಕಾರವಾಗುವುದೇ ಹೊರತು ಮತ್ತೇನಲ್ಲ. ನಗರದಲ್ಲಿ ಕುಳಿತು ನಮೂನೆಗಳನ್ನು ರಚಿಸುವ ಮಿತ್ರರು ಯಾರಾದರೂ ಈಗ ಕೇಳುತ್ತಿದ್ದರೆ, ಇದನ್ನು ಅವರ ಗಮನಕ್ಕೆ ತರಲು ಬಯಸುವೆನು.

ಶನಿವಾರ ಅರ್ಧ ದಿನದ ಶಾಲೆ. ವಾರದಲ್ಲಿ ಬರೆದ ಚಿತ್ರಗಳೂ ಕತ್ತರಿಸಿದ ಕಾಗದದ ಹಕ್ಕಿಗಳೂ ತಲೆಯ ಮೇಲಣ ದಾರದ ಚಪ್ಪರಕ್ಕೆ ಏರುತ್ತವೆ. ಬಿಡುವ ಮುನ್ನ ಎಲ್ಲರೂ ಹವಾಮಾನ ನಕ್ಷೆಯ ಎದುರು ಸೇರಿ ಮನೆಗಳನ್ನು ಎಣಿಸುತ್ತಾರೆ. ಐದು ದಿನ ಮಳೆ, ಒಂದು ದಿನ ಮೋಡ. ಬಿಸಿಲಿನ ಮನೆ ಒಂದಾದರೂ ಇಲ್ಲವಲ್ಲ ಎಂದು ಕೇಳಿದರೆ, ಗುರುವಾರ ಬಂದ ಆ ಹುಡುಗಿ ನಾಟಿ ಇನ್ನೂ ಮುಗಿದಿಲ್ಲವೆಂದು ಉತ್ತರ ಕೊಟ್ಟಾಳು.