ಹ್ಯಾಶ್ ತಾಳೆಯಾಗಿತ್ತು, ಆದರೂ ಪ್ರತಿ ತಪ್ಪಿತ್ತು

(ಪಾಡ್‌ಕಾಸ್ಟ್‌ನ ಈ ಸಂಚಿಕೆಯ ಬರಹ ರೂಪ)

ನಾನು ಡಿಜಿಟಲ್ ಫೊರೆನ್ಸಿಕ್ ಕೆಲಸ ಮಾಡ್ತೀನಿ ಅಂತ ಗೊತ್ತಾದ ಕೂಡಲೇ ಜನ ಕೇಳೋ ಮೊದಲ ಪ್ರಶ್ನೆ, "ಡಿಲೀಟ್ ಮಾಡಿದ ಫೋಟೊ ವಾಪಸ್ ಬರುತ್ತಾ ಮೇಡಂ?" ಅಂತ. ಇವತ್ತು ಅದರ ಬಗ್ಗೆ ಹೇಳಲ್ಲ. ಅದಕ್ಕೂ ಹಿಂದಿನ ಒಂದು ಹೆಜ್ಜೆ ಇದೆ. ಜಪ್ತಿ ಮಾಡಿದ ಡಿಸ್ಕ್‌ನ ಪ್ರತಿ ತೆಗೆಯೋ ಯಂತ್ರವೇ ತಪ್ಪು ಮಾಡಿದರೆ ಏನು ಗತಿ? ನನ್ನ ಕೈಯಿಂದಲೇ ಆದ ಒಂದು ಎಡವಟ್ಟಿನ ಮೂಲಕ ಅದನ್ನು ಹೇಳ್ತೀನಿ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೀನಿ.

ಮೊದಲು ಕೆಲಸ ಹೇಗೆ ನಡೆಯುತ್ತೆ ನೋಡಿ. ಮೂಲ ಡಿಸ್ಕನ್ನು ನಾವು ನೇರವಾಗಿ ತೆರೆಯೋ ಹಾಗಿಲ್ಲ. ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಸಾಕು, ನಾವು ಏನೂ ಮುಟ್ಟದಿದ್ದರೂ ವಿಂಡೋಸ್ ಅದರ ಮೇಲೆ ಏನಾದರೂ ಬರೆದುಬಿಡುತ್ತೆ. ಅದನ್ನು ತಡೆಯೋಕೆ ನಡುವೆ ರೈಟ್ ಬ್ಲಾಕರ್ ಇಡ್ತೀವಿ. ಆಮೇಲೆ ಇಮೇಜರ್ ಅನ್ನೋ ಪುಟ್ಟ ಯಂತ್ರ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್ ತನಕ ಓದಿ ಪ್ರತಿ ಮಾಡುತ್ತೆ. ಒಂದು ಟೆರಾಬೈಟ್ ಡಿಸ್ಕ್‌ನಲ್ಲಿ 512 ಬೈಟ್‌ನ ಸೆಕ್ಟರ್‌ಗಳು 195 ಕೋಟಿಗೂ ಹೆಚ್ಚು. ಕೊನೆಯಲ್ಲಿ ಎಸ್‌ಎಚ್‌ಎ-256 ತರಹದ ಹ್ಯಾಶ್ ತೆಗೀತೀವಿ. ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತೆ. ಹ್ಯಾಶ್ ತಾಳೆಯಾಯ್ತು ಅಂದ್ರೆ ಎಲ್ಲ ಸರಿ ಅಂತ ನಿಟ್ಟುಸಿರು ಬಿಡ್ತೀವಿ. ನಾನೂ ಹಾಗೇ ಬಿಟ್ಟಿದ್ದೆ.

ಪ್ರಕರಣ ಒಂದು ಸಹಕಾರ ಸಂಘದ್ದು. ಅಲ್ಲಿನ ಗುಮಾಸ್ತರ ಮೇಲೆ ಹಣ ದುರುಪಯೋಗದ ಆರೋಪ. ಅವರ ಲ್ಯಾಪ್‌ಟಾಪ್‌ನ ಹಳೇ ಹಾರ್ಡ್ ಡಿಸ್ಕ್ ನಮ್ಮಲ್ಲಿಗೆ ಬಂತು. ಇಮೇಜ್ ತೆಗೆದೆ, ಹ್ಯಾಶ್ ತಾಳೆಯಾಯ್ತು. ಲಾಗ್‌ನಲ್ಲಿ "ಓದುವ ದೋಷ: 3" ಅಂತಿತ್ತು. ಹಳೇ ಡಿಸ್ಕ್ ಅಲ್ವಾ, ಮೂರು ದೋಷ ದೊಡ್ಡದಲ್ಲ ಅಂದುಕೊಂಡೆ. ತನಿಖೆಗೆ ಬೇಕಾಗಿದ್ದ ಲೆಕ್ಕದ ಎಕ್ಸೆಲ್ ಫೈಲ್ ಸಿಕ್ತು. ಹೆಸರಿದೆ, ತಾರೀಖಿದೆ, ಸುಮಾರು 40 ಕೆಬಿ ಗಾತ್ರವಿದೆ. ಒಳಗೆ ಮಾತ್ರ ಬರೀ ಸೊನ್ನೆ. ನಾನು ವರದಿಯಲ್ಲಿ ಬರೆದ ವಾಕ್ಯ ಇದು: "ಫೈಲ್‌ನ ಒಳವಿಷಯವನ್ನು ಸೊನ್ನೆಗಳಿಂದ ಅಳಿಸಿರುವ ಸಾಧ್ಯತೆ ಇದೆ." ಸಾಧ್ಯತೆ ಅಂತ ನಾನು ಬರೆದರೂ ಓದುವವರಿಗೆ ಅದು "ಸಾಕ್ಷ್ಯ ನಾಶ" ಅಂತಲೇ ಕೇಳಿಸುತ್ತೆ.

ಕೆಲವು ತಿಂಗಳು ಕಳೀತು. ಇಮೇಜರ್‌ಗೆ ಹೊಸ ಫರ್ಮ್‌ವೇರ್ ಬಂತು. ಅದರ ಜತೆಗಿನ ಟಿಪ್ಪಣಿಯಲ್ಲಿ ಒಂದು ಸಾಲು: ಕೆಟ್ಟ ಸೆಕ್ಟರ್ ಸಿಕ್ಕಾಗಿನ ನಡವಳಿಕೆಯನ್ನು ಸರಿಪಡಿಸಲಾಗಿದೆ. ಇಷ್ಟೇ. ಏನು ತಪ್ಪಿತ್ತು, ಯಾವಾಗಿನಿಂದ ಇತ್ತು, ಒಂದೂ ಇಲ್ಲ. ನನಗೆ ಎದೆ ಧಸಕ್ಕೆಂದಿತು. ಗುಜರಿಗೆ ಹೋಗಬೇಕಿದ್ದ ಒಂದು ಡಿಸ್ಕ್ ತಗೊಂಡು ಹಳೇ ಫರ್ಮ್‌ವೇರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಓದಿಸಿದೆ.

ಆಗ ಗೊತ್ತಾಯ್ತು. ಯಂತ್ರ ವೇಗಕ್ಕಾಗಿ ಒಂದೊಂದೇ ಸೆಕ್ಟರ್ ಓದಲ್ಲ, 128 ಸೆಕ್ಟರ್‌ಗಳನ್ನು, ಅಂದ್ರೆ 64 ಕೆಬಿಯನ್ನು, ಒಟ್ಟಿಗೆ ಓದುತ್ತೆ. ಅದರಲ್ಲಿ ಒಂದು ಕೆಟ್ಟಿದ್ದರೆ ಹಿಂದೆ ಹೋಗಿ ಒಂದೊಂದಾಗಿ ಓದಬೇಕು. ಹಳೇ ಫರ್ಮ್‌ವೇರ್ ಹಾಗೆ ಮಾಡದೆ 128ಕ್ಕೂ ಸೊನ್ನೆ ತುಂಬಿ ಲಾಗ್‌ನಲ್ಲಿ "ಒಂದು ದೋಷ" ಅಂತ ಬರೀತಿತ್ತು. ಒಂದು ಮನೆಗೆ ಬೀಗ ಹಾಕಿದೆ ಅಂತ ಇಡೀ ಬೀದಿಯಲ್ಲೇ ಯಾರೂ ಇಲ್ಲ ಅಂತ ಜನಗಣತಿಯಲ್ಲಿ ಬರೆದ ಹಾಗೆ.

ಹಳೇ ಇಮೇಜ್ ತೆರೆದು ನೋಡಿದೆ. ಮೂರು ಸೊನ್ನೆಯ ಗುಂಡಿಗಳು, ಒಂದೊಂದೂ ಸರಿಯಾಗಿ 65,536 ಬೈಟ್. ಗುಮಾಸ್ತರ ಫೈಲ್ ಅದರಲ್ಲೊಂದರ ಒಳಗಿತ್ತು. ಗುಂಡಿ ಫೈಲ್‌ಗಿಂತ ಮೊದಲೇ ಶುರುವಾಗಿ, ಫೈಲ್ ಮುಗಿದ ಮೇಲೂ ಮುಂದುವರಿದಿತ್ತು. ಒಂದು ಫೈಲನ್ನು ಅಳಿಸೋಕೆ ಕೂತ ಮನುಷ್ಯ ಹಾಗೆ ಅಳಿಸಲ್ಲ. ಇದನ್ನು ನಾನು ಮೊದಲ ದಿನವೇ ನೋಡಬಹುದಿತ್ತು. ನೋಡಿರಲಿಲ್ಲ.

ಹಾಗಾದರೆ ಹ್ಯಾಶ್ ಯಾಕೆ ತಾಳೆಯಾಯ್ತು? ಯಾಕಂದ್ರೆ ಹ್ಯಾಶ್ ಲೆಕ್ಕ ಹಾಕೋದು ಯಂತ್ರ ಏನು ಓದಿ ಕೊಟ್ಟಿತೋ ಅದರ ಮೇಲೆ. ಸೊನ್ನೆ ತುಂಬಿದ ಪ್ರತಿಯನ್ನು ಎಷ್ಟು ಸಲ ಪರೀಕ್ಷಿಸಿದರೂ ಅದೇ ಹ್ಯಾಶ್ ಬರುತ್ತೆ. ಪ್ರತಿ ಆಮೇಲೆ ಬದಲಾಗಿಲ್ಲ ಅನ್ನೋದಕ್ಕೆ ಹ್ಯಾಶ್ ಸಾಕ್ಷಿ. ಡಿಸ್ಕ್‌ನಲ್ಲಿ ಇದ್ದದ್ದೆಲ್ಲ ಪ್ರತಿಗೆ ಬಂದಿದೆ ಅನ್ನೋದಕ್ಕೆ ಅಲ್ಲ.

ಇದು ನನ್ನೊಬ್ಬಳ ಕಥೆ ಅಂದುಕೊಳ್ಳಬೇಡಿ. 2000ದ ದಶಕದ ಆರಂಭದಲ್ಲಿ ಲಿನಕ್ಸ್‌ನ ಡಿಡಿ ಎಂಬ ತಂತ್ರಾಂಶವನ್ನು ತುಂಬಾ ಜನ ಇಮೇಜಿಂಗ್‌ಗೆ ಬಳಸ್ತಿದ್ದರು. ಆಗಿನ 2.4 ಕರ್ನೆಲ್ ಎರಡೆರಡು ಸೆಕ್ಟರ್ ಜೋಡಿಸಿ ಓದುತ್ತಿತ್ತು. ಡಿಸ್ಕ್‌ನಲ್ಲಿ ಬೆಸ ಸಂಖ್ಯೆಯ ಸೆಕ್ಟರ್ ಇದ್ದರೆ ಕೊನೆಯದೊಂದು ಬಿಟ್ಟುಹೋಗುತ್ತಿತ್ತು. ಅಮೆರಿಕದ ನಿಸ್ಟ್ ಸಂಸ್ಥೆ ಫೊರೆನ್ಸಿಕ್ ಉಪಕರಣಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸುತ್ತೆ. ಈ ತೊಂದರೆಯೂ ಅಲ್ಲಿ ದಾಖಲಾಗಿದೆ. ಇನ್ನು ಕೆಲವು ಯುಎಸ್‌ಬಿ ಬ್ರಿಡ್ಜ್ ಚಿಪ್‌ಗಳದ್ದು ಬೇರೆ ಕಥೆ. "ಕೊನೆಯ ಸೆಕ್ಟರ್ ಸಂಖ್ಯೆ ಎಷ್ಟು?" ಅಂತ ಕೇಳಿದರೆ ಒಟ್ಟು ಎಷ್ಟು ಅಂತ ಹೇಳಿಬಿಡ್ತವೆ. ಎಣಿಕೆ ಸೊನ್ನೆಯಿಂದ ಶುರುವಾಗೋದರಿಂದ ಎರಡಕ್ಕೂ ಒಂದು ವ್ಯತ್ಯಾಸ. ಒಂದು ಸೆಕ್ಟರ್ ತಾನೇ ಅನ್ನಬೇಡಿ. ಜಿಪಿಟಿ ಡಿಸ್ಕ್‌ಗಳಲ್ಲಿ ಪಾರ್ಟಿಷನ್ ಮಾಹಿತಿಯ ಬ್ಯಾಕಪ್ ಹೆಡರ್ ಇರೋದು ಆ ಕೊನೆಯ ಸೆಕ್ಟರ್‌ನಲ್ಲೇ.

ಸರಿ, ಮುಂದೇನಾಯ್ತು? ತನಿಖಾಧಿಕಾರಿಗೆ ಫೋನ್ ಮಾಡಿದೆ. "ಚಾರ್ಜ್‌ಶೀಟ್ ಹಾಕಿ ಆಯ್ತಲ್ಲ ಮೇಡಂ, ಈಗ್ಯಾಕೆ?" ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದು ಕೊಡಿ, ಕೋರ್ಟಿಗೆ ತಿಳಿಸೋಣ" ಅಂದ್ರು. ಅದಕ್ಕೆ ನಾನು ಅವರಿಗೆ ಋಣಿ. ಕೋರ್ಟಿನ ಅನುಮತಿಯಿಂದ ಮೂಲ ಡಿಸ್ಕ್ ಮತ್ತೆ ಬಂತು. ಈ ಸಲ ಮೂರೇ ಸೆಕ್ಟರ್ ಹೋದವು, ಉಳಿದ 381 ವಾಪಸ್ ಸಿಕ್ಕವು. ಎಕ್ಸೆಲ್ ಫೈಲ್ ಸಲೀಸಾಗಿ ತೆರೀತು. ಒಳಗಿನ ಲೆಕ್ಕ ಅವರ ಪರವೋ ವಿರುದ್ಧವೋ, ಅದನ್ನು ಹೇಳೋದು ಕೋರ್ಟಿನ ಕೆಲಸ. ಆದರೆ ಅವರು ಏನನ್ನೂ ಅಳಿಸಿರಲಿಲ್ಲ. ಅಳಿಸಿದ್ದು ನನ್ನ ಯಂತ್ರ. ಪೂರಕ ವರದಿಯಲ್ಲಿ ಹಾಗೇ ಬರೆದೆ.

ಈಗ ಇದು ಇನ್ನೂ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲೇಬೇಕು, ತಜ್ಞರು ಸಹಿ ಹಾಕಲೇಬೇಕು. ಒಳ್ಳೆಯದೇ. ಆದರೆ ಹ್ಯಾಶ್ ನಮೂದಿಸಿದ ಮಾತ್ರಕ್ಕೆ ನಮ್ಮ ಜವಾಬ್ದಾರಿ ಮುಗಿಯಲ್ಲ.

ನಮ್ಮ ಲ್ಯಾಬ್‌ನಲ್ಲಿ ಈಗ ಒಂದು ಪರೀಕ್ಷಾ ಡಿಸ್ಕ್ ಇದೆ, ಪ್ರತಿ ಸೆಕ್ಟರ್‌ನಲ್ಲೂ ಅದರದೇ ಸಂಖ್ಯೆ ಬರೆದಿದ್ದೀವಿ. ಕೆಟ್ಟ ಸೆಕ್ಟರ್ ಇರೋ ಇನ್ನೊಂದು ಡಿಸ್ಕನ್ನೂ ಜೋಪಾನವಾಗಿ ಇಟ್ಟಿದ್ದೀವಿ. ಫರ್ಮ್‌ವೇರ್ ಬದಲಾದಾಗಲೆಲ್ಲ ಎರಡನ್ನೂ ಓದಿಸ್ತೀವಿ. ಡಿಸ್ಕ್ ಮೇಲಿನ ಚೀಟಿಯಲ್ಲಿರೋ ಸೆಕ್ಟರ್ ಸಂಖ್ಯೆಯನ್ನು ಇಮೇಜ್ ಜತೆ ತಾಳೆ ನೋಡ್ತೀವಿ. ವರದಿಯಲ್ಲಿ ಫರ್ಮ್‌ವೇರ್ ಆವೃತ್ತಿಯನ್ನೂ, ಯಾವ ಯಾವ ಸೆಕ್ಟರ್ ಓದಲಾಗಲಿಲ್ಲ ಅನ್ನೋ ಪಟ್ಟಿಯನ್ನೂ ಬರೀತೀವಿ. "ಅಳಿಸಲಾಗಿದೆ" ಅಂತ ಬರೆಯೋ ಮುಂಚೆ ಬೇರೆ ಉಪಕರಣದಲ್ಲಿ ಇನ್ನೊಮ್ಮೆ ಓದಿಸ್ತೀವಿ.

ಕೇಳುಗರಲ್ಲಿ ವಕೀಲರಿದ್ದರೆ ಒಂದು ಮಾತು. ಪಾಟೀ ಸವಾಲಿನಲ್ಲಿ ಹ್ಯಾಶ್ ಎಷ್ಟು ಅಂತ ಕೇಳಿ ಬಿಟ್ಟುಬಿಡಬೇಡಿ. ಓದಲಾಗದ ಸೆಕ್ಟರ್ ಎಷ್ಟು, ಅಲ್ಲಿ ಏನು ತುಂಬಿದಿರಿ, ನಿಮ್ಮ ಯಂತ್ರವನ್ನು ಕೊನೇ ಸಲ ಪರೀಕ್ಷಿಸಿದ್ದು ಯಾವಾಗ ಅಂತ ಕೇಳಿ. ನಮಗೆ ಮುಜುಗರ ಆಗುತ್ತೆ, ಆಗಲಿ. ಆ ಗುಮಾಸ್ತರ ಪರ ವಕೀಲರು ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಆ ಟಿಪ್ಪಣಿಯ ಒಂದು ಸಾಲು ಕಣ್ಣಿಗೆ ಬೀಳದಿದ್ದರೆ ನನ್ನ ಮೊದಲ ವರದಿಯೇ ಕೋರ್ಟಿನಲ್ಲಿ ಉಳೀತಿತ್ತು.