ಅಂತಿಯೋಕ್ಯದ ಪಂಕ್ತಿ

ಸಭೆಯ ನಡುಮಧ್ಯೆ ಸುವಾರ್ತೆ ಇರಬೇಕು ಎಂದರೆ ಬೇಡವೆನ್ನುವ ಕ್ರೈಸ್ತರು ಸಿಗಲಾರರು. ಯಜ್ಞವೇದಿಯ ಹಿಂದಿನ ಗೋಡೆಗೆ ವಾಕ್ಯ ಬರೆಸಿರುತ್ತೇವೆ, ಪ್ರಸಂಗದ ಕೊನೆಗೆ ಶಿಲುಬೆಯನ್ನು ನೆನೆಯುತ್ತೇವೆ. ಅದಾದ ಅರ್ಧ ಗಂಟೆಗೆ ಪಾಸ್ಟರೇಟ್ ಕಮಿಟಿ ಕೂತಾಗ ಮಾತಿನ ಧಾಟಿಯೇ ಬೇರೆಯಾಗಿರುತ್ತದೆ. ಇದಕ್ಕೆ ಯಾರೂ ಸುವಾರ್ತೆಯನ್ನು ಅಲ್ಲಗಳೆಯಬೇಕಾಗಿಲ್ಲ. ಬಾಯಲ್ಲಿ ಒಪ್ಪಿಕೊಂಡೇ ಅದನ್ನು ಬದಿಗೆ ಸರಿಸಲು ಬರುತ್ತದೆ, ಮತ್ತು ಹಾಗೆ ಸರಿಸಿದ್ದು ಉಪದೇಶದಲ್ಲಿ ಕಾಣುವ ಮೊದಲು ಊಟದ ಸಾಲಿನಲ್ಲಿ ಕಾಣುತ್ತದೆ ಎಂಬುದು ಈ ಉಪನ್ಯಾಸದ ವಾದ. ಇಂಥದೊಂದು ಪ್ರಕರಣ ಹೊಸ ಒಡಂಬಡಿಕೆಯಲ್ಲೇ, ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ದಾಖಲಾಗಿದೆ. ಅಲ್ಲಿ ನಡೆದದ್ದಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಪಂಕ್ತಿಭೇದ.

ಅಂತಿಯೋಕ್ಯದ ಸಭೆಯಲ್ಲಿ ಯೆಹೂದ್ಯರೂ ಇದ್ದರು, ಅನ್ಯಜನರೂ ಇದ್ದರು. ಅಲ್ಲಿಗೆ ಬಂದ ಪೇತ್ರ ಮೊದಮೊದಲು ಎಲ್ಲರೊಡನೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯ ಕೆಲವರು ಬಂದದ್ದೇ ತಡ, ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಕೊನೆಗೆ ಬಾರ್ನಬನಂಥವನೂ ಸರಿದ. ಸುನ್ನತಿಯಿಲ್ಲದವನಿಗೆ ರಕ್ಷಣೆಯಿಲ್ಲ ಎಂದು ಪೇತ್ರ ಬೋಧಿಸಿದ ಸುಳಿವು ಎಲ್ಲೂ ಇಲ್ಲ. ಯೊಪ್ಪದಲ್ಲಿ ದರ್ಶನ ಕಂಡು ಕೊರ್ನೇಲ್ಯನ ಮನೆಯ ಹೊಸ್ತಿಲು ದಾಟಿದವನೇ ಅವನು. ನುಡಿ ಸರಿಯಾಗಿತ್ತು, ನಡೆ ಸೊಟ್ಟಗಾಯಿತು. ಇವರು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂದು ಕಂಡ ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ಗದರಿಸಿದ. ಅವನು ಇಲ್ಲಿ ಬಳಸುವ ಗ್ರೀಕ್ ಕ್ರಿಯಾಪದದ ಅರ್ಥವೂ ನೆಟ್ಟಗೆ ಹೆಜ್ಜೆ ಹಾಕುವುದು ಎಂದೇ. ಎಲೆ ಬೇರೆ ಹಾಕಿಸಿಕೊಂಡ ಮಾತ್ರಕ್ಕೆ ಸುವಾರ್ತೆಯ ಸತ್ಯವನ್ನೇ ಎಳೆದು ತರುವುದು ಅತಿಯಾಯಿತು, ಅದು ಬರೀ ಸಾಮಾಜಿಕ ಸಮಾನತೆಯ ಪ್ರಶ್ನೆ, ಪಾಪಕ್ಷಮೆಯ ಮಾತೇ ಬೇರೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಅವರು ಮುಂದಿನ ವಚನಗಳನ್ನು ಓದಬೇಕು. ಊಟದ ಮಾತಿನಿಂದ ಪೌಲ ನೇರವಾಗಿ ನಂಬಿಕೆಯಿಂದ ನೀತಿವಂತರಾಗುವ ಮಾತಿಗೆ ಹೋಗುತ್ತಾನೆ, ವಿಷಯ ಬದಲಾಯಿತು ಎಂಬ ಸೂಚನೆಯನ್ನೇ ಕೊಡದೆ. ಅವನ ಲೆಕ್ಕದಲ್ಲಿ ವಿಷಯ ಬದಲಾಗಿರಲೇ ಇಲ್ಲ. ಕ್ರಿಸ್ತನ ದೆಸೆಯಿಂದ ದೇವರು ಯಾರನ್ನು ತನ್ನ ಪಂಕ್ತಿಗೆ ಕರೆದಿದ್ದಾನೋ ಅವರಿಗೆ ಇನ್ನೂ ಒಂದು ಅರ್ಹತೆ ಬಾಕಿಯಿದೆ ಎಂದು ಪೇತ್ರ ಎದ್ದುಹೋದ ಖಾಲಿ ಜಾಗ ಸಾರುತ್ತಿತ್ತು.

ಸುವಾರ್ತೆ ಎಂಬ ಪದದ ಒಳಗೆ ವಾರ್ತೆ ಇದೆ. ವಾರ್ತೆ ಆಗಿಹೋದ ಸಂಗತಿಯನ್ನು ತಿಳಿಸುತ್ತದೆ. ಕೇಳುವವನ ಕುಲ, ಜೇಬು, ನಡತೆ ನೋಡಿಕೊಂಡು ಅದು ಬದಲಾಗುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ, ತಾನು ಪಡೆದು ದಾಟಿಸಿದ್ದು ಎಂದು ಪೌಲ ಎಣಿಸುವುದೂ ಸಂಗತಿಗಳನ್ನೇ: ಕ್ರಿಸ್ತನ ಸಾವು, ಸಮಾಧಿ, ಪುನರುತ್ಥಾನ. ಅದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಉಳ್ಳವರು ಕುಡಿದು ಅಮಲೇರಿದ್ದಾರೆ, ಇಲ್ಲದವರು ಹಸಿದು ಕೂತಿದ್ದಾರೆ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಗದರಿಸುತ್ತಾನೆ. ಇಲ್ಲೂ ಜಗಳ ಪಂಕ್ತಿಯದೇ.

ನಮ್ಮ ದಕ್ಷಿಣದ ಸಭೆಗಳು ಇದನ್ನು ಬೇರೆಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಳ್ಳಬೇಕಿತ್ತು. ತಮಿಳು ನಾಡಿನ ಹಳೆಯ ಸಭೆಗಳಲ್ಲಿ ಮೇಲ್ಜಾತಿಯ ಕ್ರೈಸ್ತರು ಬೇರೆ ಕೂರುತ್ತಿದ್ದರು, ಸಂಸ್ಕಾರದ ಪಾತ್ರೆಗೆ ಮೊದಲು ತುಟಿ ಹಚ್ಚುತ್ತಿದ್ದರು; ಉಳಿದವರದು ಅವರ ನಂತರದ ಸರದಿ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನೆಲ್ಲ ತಕ್ಷಣ ಬಿಡಬೇಕೆಂದು ಆಜ್ಞೆ ಹೊರಡಿಸಿದರು. ತಂಜಾವೂರು, ವೇಪೇರಿಗಳಲ್ಲಿ ದೊಡ್ಡ ಸಂಖ್ಯೆಯ ಜನ ಸಭೆಯನ್ನೇ ತೊರೆದರು. ವಿಲ್ಸನ್ ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೊರಟುಹೋದವರು ದಶಕಗಳ ಕಾಲ ಪ್ರಸಂಗ ಕೇಳಿದ್ದವರು, ಪ್ರಶ್ನೋತ್ತರ ಬಾಯಿಪಾಠ ಮಾಡಿದ್ದವರು. ಅವರಿಗೆ ಉಪದೇಶದ ಕೊರತೆಯಂತೂ ಇರಲಿಲ್ಲ. ವಾರ್ತೆ ಕಿವಿಯಿಂದ ತುಟಿಗೆ ಬಂದಿತ್ತು. ಪಾತ್ರೆ ಹಿಡಿದ ಕೈಗೆ ಇಳಿದಿರಲಿಲ್ಲ.

ಕನ್ನಡ ಕರಾವಳಿಯ ಕಥೆ ಇನ್ನೊಂದು ಬಗೆಯದು. 1834ರ ಅಕ್ಟೋಬರ್ 30ರಂದು ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಅವರ ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಬಿಗಿಯಾಗಿಯೇ ನಿಂತಿತು. ಸಭೆ ಸೇರಿದವರಲ್ಲಿ ಬಿಲ್ಲವರು ಬಹಳ; ಶೇಂದಿ ಇಳಿಸುವ ಕಸುಬು ಮಿಷನ್ನಿಗೆ ಒಪ್ಪಿಗೆಯಿರಲಿಲ್ಲ, ಕುಟುಂಬದ ಆಸರೆಯೂ ತಪ್ಪುತ್ತಿತ್ತು. ಅನ್ನಕ್ಕೊಂದು ದಾರಿ ಬೇಕಾಯಿತು. 1841ರಲ್ಲಿ ಅಚ್ಚುಕೂಟ ಬಂತು, ಆಮೇಲೆ ನೇಯ್ಗೆ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ. ಹಳೆಯ ಮನೆ ಕೆಡಹುವಾಗ ಇಳಿಸಿಟ್ಟ ಹಂಚನ್ನು ಮಗುಚಿ ನೋಡಿದರೆ ಮಿಷನ್ನಿನ ಹೆಸರೂ ಆ ಇಸವಿಯೂ ಮಣ್ಣಿನಲ್ಲಿ ಉಬ್ಬಿ ನಿಂತಿರುವುದು ಇಂದಿಗೂ ಕಾಣುತ್ತದೆ. ಆ ಹಂಚು ಮರ್ಯಾದೆಯ ದುಡಿಮೆಗೆ ಸಾಕ್ಷಿ, ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೂ ಸಂಬಳ ಕೊಡುವವರೂ ಸಂಸ್ಕಾರ ಕೊಡುವವರೂ ಒಂದೇ ಮನೆಯವರಾದಾಗ, ವಾರ್ತೆ ಯಾವುದು, ಕೂಲಿ ಯಾವುದು ಎಂದು ಬಿಡಿಸಿಕೊಳ್ಳುವುದು ಕೇಳುವವನಿಗೆ ಕಷ್ಟವಾಗುತ್ತದೆ. ಬಿಡಿಸಿದ್ದು ಯುದ್ಧ. 1914ರ ನಂತರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳಿಸಲಾಯಿತು, ಕಾರ್ಖಾನೆಗಳು ಸರ್ಕಾರದ ವಶವಾಗಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಸಭೆಗಳು ಮಾತ್ರ ಉಳಿದವು. ಕಾರ್ಖಾನೆಯ ಯಜಮಾನ ಬದಲಾದ ಮೇಲೂ ಭಾನುವಾರ ಗಂಟೆ ಹೊಡೆಯಿತು, ಊರಿನ ಉಪದೇಶಿಗಳೂ ಸಭಾಪಾಲಕರೂ ವಾಕ್ಯ ತೆರೆದರು.

ಹಾಗಾದರೆ ಶಾಲೆ, ಆಸ್ಪತ್ರೆ, ಹಾಸ್ಟೆಲ್ಲುಗಳನ್ನೆಲ್ಲ ಮುಚ್ಚಿ ಬರೀ ಪ್ರಸಂಗ ಮಾಡಬೇಕೇ? ಇದು ನ್ಯಾಯವಾದ ಪ್ರಶ್ನೆ. ಉತ್ತರ ಅದೇ ಗಲಾತ್ಯ ಅಧ್ಯಾಯದಲ್ಲಿದೆ: ಪಂಕ್ತಿಯ ಜಗಳಕ್ಕೆ ಒಂದೇ ಒಂದು ವಚನ ಮೊದಲು, ಬಡವರನ್ನು ಮರೆಯಬೇಡ ಎಂಬ ಮಾತಿಗೆ ತಾನು ಆಸಕ್ತಿಯಿಂದ ಒಪ್ಪಿದ್ದನ್ನು ಪೌಲ ಹೇಳಿದ್ದಾನೆ. ಉಪಕಾರಕ್ಕೂ ಸುವಾರ್ತೆಗೂ ಹಗೆತನವಿಲ್ಲ. ಉಪಕಾರ ಮಾಡುವವನು ಮೇಲೆ, ಪಡೆಯುವವನು ಕೆಳಗೆ ಎಂದು ಎರಡು ಸಾಲು ಎದ್ದಾಗ ಮಾತ್ರ ತೊಂದರೆ. ಬೆಳೆ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿ ಸಾವಿರಗಟ್ಟಲೆ ರೂಪಾಯಿಗೆ ಹೋಗಿ ಕೂಗಿದವರ ಹೆಸರಿಗೆ ಚಪ್ಪಾಳೆ ಬೀಳುತ್ತದೆ. ಅದನ್ನು ಬೆಳೆದು ತಂದ ಹೆಂಗಸು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಕಾಣಿಕೆ ಇಬ್ಬರದೂ.

ಈಗ ನಮ್ಮಲ್ಲಿ ಪಂಕ್ತಿಭೇದ ಎಲ್ಲಿದೆ, ಕ್ರಿಸ್ಮಸ್ ಊಟಕ್ಕೆ ಎಲ್ಲರೂ ಒಟ್ಟಿಗೇ ಕೂರುತ್ತೇವಲ್ಲ ಎನ್ನುವವರಿದ್ದಾರೆ. ನಿಜ, ಬಿರಿಯಾನಿಯ ಮಟ್ಟಿಗೆ ಅದು ತೊಲಗಿದೆ. ತೊಲಗಿ, ಸಂಬಂಧ ನೋಡುವಾಗ ದನಿ ತಗ್ಗಿಸಿ ಕೇಳುವ ‘ಅವರ ಮೂಲ ಯಾವುದು?’ ಎಂಬ ಪ್ರಶ್ನೆಯಲ್ಲಿ ಸೇರಿಕೊಂಡಿದೆ. ಎಷ್ಟೋ ಕಡೆ ಸ್ಮಶಾನದ ನಡುವಿನ ಗೋಡೆಯಾಗಿದೆ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಬಾಮಣ, ಚಾರೊಡಿ ಎಂಬ ಹೆಸರುಗಳು ನಾಲ್ಕು ಶತಮಾನ ದಾಟಿಯೂ ಮದುವೆಯ ಮಾತಿನಲ್ಲಿ ಸತ್ತಿಲ್ಲ. ಪ್ರೊಟೆಸ್ಟೆಂಟರು ನಗಬೇಕಾಗಿಲ್ಲ, ಅವರಲ್ಲಿ ಹೆಸರು ಅಳಿದಿದೆ, ವಿಚಾರಣೆ ಅಳಿದಿಲ್ಲ. ಮದುವೆ ಸ್ವಂತ ಆಯ್ಕೆ, ಅದರಲ್ಲಿ ಸಭೆ ತಲೆಹಾಕಬಾರದು ಎಂದರೆ ಒಪ್ಪುತ್ತೇನೆ. ಪೌಲನೂ ಯಾರ ಜೊತೆ ಉಣ್ಣಬೇಕೆಂದು ಕಾನೂನು ಮಾಡಲಿಲ್ಲ. ಪೇತ್ರನಿಗೆ ಅವನು ನೆನಪಿಸಿದ್ದು ಇಬ್ಬರಿಗೂ ಗೊತ್ತಿದ್ದ ವಾರ್ತೆಯನ್ನು.

ಗೊತ್ತಿರುವುದನ್ನೇ ವಾರವಾರ ಹೇಳಿದರೆ ಬೇಸರವಾಗುವುದಿಲ್ಲವೇ, ಬೆಳೆದ ವಿಶ್ವಾಸಿಗೆ ಹೆಚ್ಚಿನದು ಬೇಡವೇ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಅಂದು ಸರಿದವನು ಹೊಸಬನಲ್ಲ, ಅಪೊಸ್ತಲ. ಸರಿದದ್ದು ಅಜ್ಞಾನದಿಂದಲೂ ಅಲ್ಲ, ಊರಿಂದ ಬಂದವರು ಏನಂದಾರೋ ಎಂಬ ಅಳುಕಿನಿಂದ. ಎಲ್ಲರ ಮುಂದೆ ಬೈಸಿಕೊಂಡ ಮೇಲೆ ಅವನು ಏನೆಂದ, ಮತ್ತೆ ಹೋಗಿ ಅನ್ಯಜನರ ನಡುವೆ ಕೂತನೋ ಇಲ್ಲವೋ, ಪೌಲ ಬರೆದಿಲ್ಲ.