ಕುದುರೆ ಆರೈಕೆ, ಮನೆಯ ಉಳಿತಾಯ



ಮೈಸೂರಿನ ಟಾಂಗಾ ಕುಟುಂಬಗಳಿಗೆ ಕುದುರೆಯೇ ಅನ್ನ. ಅದು ನಾಲ್ಕು ದಿನ ನಿಂತರೆ ಮನೆಯ ಒಲೆಯೂ ನಿಲ್ಲುತ್ತೆ.

ಖರ್ಚಿಲ್ಲದ ಕೆಲಸ ಮೊದಲು ಮಾಡೋಣ. ದಿನಾ ಗೊರಸು ಎತ್ತಿ ಕಲ್ಲು, ಕೆಸರು ತೆಗೆಯಿರಿ. ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಸಿ. ಹಳೇ ಹತ್ತಿ ಸೀರೆ ಮಡಿಸಿ ಹೊಲಿದು ಜೀನಿನ ಕೆಳಗೆ ಹಾಕಿ, ಬೆವರು ಹಿಡಿದರೆ ಒಗೆದು ಒಣಗಿಸಿ. ಉಜ್ಜಿ ಗಾಯವಾದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 2 ಚಿಕ್ಕ ಚಮಚ ಉಪ್ಪು ಹಾಕಿ ತೊಳೆಯಿರಿ. ಗಾಡಿಯ ಹಳೇ ಆಯಿಲ್ ಹಚ್ಚಬೇಡಿ.

ಆದರೆ ಹೊಟ್ಟೆನೋವಿಗೆ ಮನೆಮದ್ದು ಬೇಡವೇ ಬೇಡ. ಕುದುರೆ ವಾಂತಿ ಮಾಡಲಾರದು, ಜೀವಕ್ಕೇ ಅಪಾಯ. ಮೇವು ಬಿಟ್ಟು ಹೊರಳಾಡಿದರೆ ಕೂಡಲೇ ಪಶುವೈದ್ಯರನ್ನು ಕರೆಸಿ. ಉಳಿಸಿದ ದುಡ್ಡನ್ನು ಆ ದಿನಕ್ಕೆಂದೇ ಸಂಘದಲ್ಲಿ ಇಡೋಣ.